ಹನ್ನೆರಡನೆಯ ಹೋಳು

ನಮ್ಮ ಮನೆಯಲ್ಲಿ ನಿಂಬೆಹಣ್ಣು ಕೊಯ್ಯುವ ಅಧಿಕಾರ ನನಗಿಲ್ಲ. ಮದುವೆಯಾದ ಹೊಸದರಲ್ಲೇ ಅದು ಹೋಯಿತು. ಲೋಕದ ಜನರೆಲ್ಲ ನಿಂಬೆಹಣ್ಣನ್ನು ಎರಡು ಹೋಳು ಮಾಡುತ್ತಾರಂತೆ. ನಾನು ನಾಲ್ಕು ಮಾಡುತ್ತೇನೆ. ಅಷ್ಟೇ ಅಲ್ಲ, ಒಂದೊಂದು ಹೋಳಿಗೂ ಚಿಟಿಕೆ ಉಪ್ಪು ಸವರಿ, ತಟ್ಟೆಯ ಅಂಚಿನಲ್ಲಿ ಸಾಲಾಗಿ ನಿಲ್ಲಿಸುತ್ತೇನೆ.

"ಚಿತ್ರಾನ್ನಕ್ಕ ಹಿಂಡೋ ಹಣ್ಣು ಹಿಂಗ ಯಾರಾರ ಹೆಚ್ತಾರೇನ್ರಿ? ಬೀಜ ಎಲ್ಲಾ ಅನ್ನದಾಗ ಬೀಳ್ತಾವು!" ಎಂದು ನನ್ನಾಕೆ ಚಾಕು ಕಸಿದುಕೊಳ್ಳುತ್ತಾಳೆ. ನಾನು ಚಾಕು ಬಿಟ್ಟುಕೊಡುತ್ತೇನೆ. ಆದರೆ ಅವಳು ಅತ್ತ ತಿರುಗಿದ ಕೂಡಲೇ ಒಂದು ಹೋಳು ಎತ್ತಿ ಮಡಚಿದ ಬಾಳೆಲೆಯಲ್ಲಿ ಇಟ್ಟುಬಿಡುತ್ತೇನೆ. ಯಾಕೆ ಅಂತ ಅವಳು ಕೇಳಿಲ್ಲ. ತಿಕ್ಕಲು ಅಂತ ತೀರ್ಮಾನ ಮಾಡಿಯಾಗಿದೆ. ನೀವಾದರೂ ಕೇಳಿ.

ನಾವೆಲ್ಲ ಮದ್ರಾಸು ಸರ್ಕಾರದ ಪ್ರಜೆಗಳಾಗಿದ್ದ ಕಾಲ ಅದು. ನಾನು ಹೊಸಪೇಟೆಯ ತಾಲ್ಲೂಕು ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತ. ಹಗಲೆಲ್ಲ ಇನ್ನೊಬ್ಬರು ಬರೆದದ್ದನ್ನು ಬರೆದು ಬರೆದು, ಸಂಜೆಯಾದರೆ ನನ್ನದೇ ಆದ ಒಂದು ಮಾತು ಆಡಬೇಕೆಂಬ ಚಪಲ ಹುಟ್ಟುತ್ತಿತ್ತು. ಅದಕ್ಕೆ ಒಳ್ಳೆಯ ಜಾಗ ಫುಟ್‌ಬಾಲ್ ಬಯಲು. ನಾನು ಆಡುತ್ತಿರಲಿಲ್ಲ. ಒಮ್ಮೆ ಆಡಿದ್ದೆ, ಚೆಂಡು ಬಿಟ್ಟು ನೆಲ ಒದ್ದು ಹೆಬ್ಬೆರಳಿನ ಉಗುರು ಕಳೆದುಕೊಂಡ ಮೇಲೆ ಕೂಗುವ ಕೆಲಸಕ್ಕೆ ಬಡ್ತಿ ಪಡೆದೆ. ಕೂಗುವುದರ ಜೊತೆಗೆ ಹಾಫ್ ಟೈಮಿಗೆ ನಿಂಬೆಹಣ್ಣು ಕೊಯ್ದು ಕೊಡುವುದೂ ನನ್ನದೇ. ಮೂರು ಹಣ್ಣು, ನಾಲ್ಕು ನಾಲ್ಕು ಹೋಳು, ಒಟ್ಟು ಹನ್ನೆರಡು. ಆಡುವವರು ಹನ್ನೊಂದು ಮಂದಿ. ಉಳಿದ ಒಂದು ಹೋಳು ಯಾರದು ಅಂತ ಯಾರೂ ಕೇಳುತ್ತಿರಲಿಲ್ಲ. ನಾನು ತಿನ್ನುತ್ತಿದ್ದೆ.

ಆಗ ಮ್ಯಾನೇಜರ್ ಅಂದರೆ ಆಟ ಬಲ್ಲವನು ಅಂತ ಅರ್ಥವಲ್ಲ. ಚೆಂಡು ಯಾರ ಮನೆಯಲ್ಲಿರುತ್ತದೋ ಅವರೇ ಮ್ಯಾನೇಜರು. ನಮ್ಮ ಕ್ಲಬ್ಬಿಗೆ ನಾನು ಕಂಡಂತೆ ಮೂವರು ಮ್ಯಾನೇಜರುಗಳಾದರು. ಮೂವರಲ್ಲಿ ಯಾರು ದೊಡ್ಡವರು ಅನ್ನುವ ಜಗಳ ಬಸವಣ್ಣ ಕಾಲುವೆಯ ಕಟ್ಟೆಯ ಮೇಲೆ ಇವತ್ತಿಗೂ ನಡೆಯುತ್ತದೆ. ನಡೆಸುವವರು ನಾನು ಮತ್ತು ನನ್ನ ಗೆಳೆಯ ಶೀನಾಚಾರಿ, ಪ್ರೈಮರಿ ಶಾಲೆಯ ಮೇಷ್ಟ್ರು. ಇಬ್ಬರಿಗೂ ಹಲ್ಲು ಅರ್ಧ ಹೋಗಿವೆ, ಜಗಳ ಮಾತ್ರ ಗಟ್ಟಿಯಾಗಿದೆ.

ಶೀನಾಚಾರಿಯ ದೇವರು ಮೊದಲನೆಯ ಮ್ಯಾನೇಜರು, ಪೋಸ್ಟ್ ಮಾಸ್ಟರ್ ನರಸಿಂಗರಾಯರು. ರಾಯರಿಗೆ ಪಂಚಾಂಗವೇ ಪ್ರಾಣ. ನಮ್ಮ ಪಂದ್ಯಗಳೆಲ್ಲ ಭಾನುವಾರ ಸಂಜೆ ನಾಲ್ಕೂವರೆಗೆ. ಭಾನುವಾರದ ರಾಹುಕಾಲವೂ ಸರಿಯಾಗಿ ನಾಲ್ಕೂವರೆಗೇ ಶುರು! ರಾಯರು ಅದಕ್ಕೊಂದು ಉಪಾಯ ಕಂಡುಹಿಡಿದರು. ಕೆಟ್ಟ ವೇಳೆಯಲ್ಲಿ ಊರಿಗೆ ಹೊರಡಬೇಕಾದರೆ ಒಳ್ಳೆಯ ವೇಳೆ ನೋಡಿ ಒಂದು ಗಂಟನ್ನು ಮೊದಲೇ ಪಕ್ಕದ ಮನೆಯಲ್ಲಿ ಇಟ್ಟು ಬರುತ್ತಾರಲ್ಲ, ಹಾಗೆ ನಾಲ್ಕೂಕಾಲಿಗೇ ಒಬ್ಬನ ಕೈಲಿ, ಅಲ್ಲ ಕಾಲಲ್ಲಿ, ಚೆಂಡು ಒದೆಸಿಬಿಡುತ್ತಿದ್ದರು. ಪಂದ್ಯ ಹೊರಟಾಯಿತು, ಇನ್ನು ರಾಹು ಏನು ಮಾಡಿಯಾನು? ಒಂದು ಸಲ ಸಂಡೂರಿನವರು ಇನ್ನೂ ಬಯಲಿಗೆ ಇಳಿದಿರಲಿಲ್ಲ, ಮರದ ಕೆಳಗೆ ಧೋತರ ಬಿಚ್ಚಿ ಚಡ್ಡಿ ಹಾಕಿಕೊಳ್ಳುತ್ತಿದ್ದರು. ರಾಯರ ಮುಹೂರ್ತದ ಚೆಂಡು ಉರುಳುತ್ತ ಉರುಳುತ್ತ ಖಾಲಿ ಗೋಲಿನೊಳಗೆ ಹೋಗಿ ಕೂತಿತು. ಅದನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ರಾಯರು ಪಂಚಾಂಗ ತೆರೆದು ವಾದಿಸಿದರು. ರೆಫ್ರಿ ಒಪ್ಪಲಿಲ್ಲ. ಶೀನಾಚಾರಿ ಈಗಲೂ ಆ ಗೋಲನ್ನು ಲೆಕ್ಕಕ್ಕೆ ಹಿಡಿಯುತ್ತಾನೆ.

ನನ್ನ ದೇವರು ಎರಡನೆಯವರು, ಓವರ್ಸಿಯರ್ ನಾಯ್ಡು. ತಲೆಗೆ ದೊಡ್ಡ ಬಿಳೀ ಟೋಪಿ, ಬಾಯಿಗೆ ಸೀಟಿ, ಅರ್ಧ ತೆಲುಗು ಅರ್ಧ ಕನ್ನಡ, ಪೂರ್ತಿ ಸಿಟ್ಟು. ಬರಿಗಾಲಲ್ಲಿ ಜಿಂಕೆ ಹಾಗೆ ಓಡುತ್ತಿದ್ದ ನಮ್ಮ ಹುಡುಗರಿಗೆ ಬೂಟು ಹಾಕಿಸಿದರು. ವಾರದಲ್ಲಿ ಹನ್ನೊಂದು ಜನವೂ ಕುಂಟತೊಡಗಿದರು. "ಒರೇಯ್, ಇಂಗ್ಲೆಂಡಿನಲ್ಲಿ ಹೀಗೇ ಆಡೋದು!" ಎಂದರು ನಾಯ್ಡು. ಅಲ್ಲಿಯವರೂ ಕುಂಟುತ್ತಾರೆಂದು ತಿಳಿದು ನಮಗೆ ಸಮಾಧಾನವಾಯಿತು. ಸಂಡೂರು ಆಗ ರಾಜರ ಸಂಸ್ಥಾನ, ಬ್ರಿಟಿಷ್ ಗಡಿಯ ಆಚೆ. ಅಲ್ಲಿಗೆ ಆಡಲು ಹೋಗುವಾಗ ನಾಯ್ಡು "ಫಾರಿನ್ ಟೂರು" ಎಂದೇ ಹೇಳುತ್ತಿದ್ದರು. ನಾನೂ ಅದನ್ನೇ ನಂಬಿ, ಮಾವನಾಗಲಿದ್ದವರ ಮುಂದೆ ಎರಡು ಸಲ ಫಾರಿನ್ನಿಗೆ ಹೋಗಿಬಂದಿದ್ದೇನೆ ಎಂದು ಹೇಳಿ ಹೆಣ್ಣು ಒಪ್ಪಿಸಿಕೊಂಡೆ. ಆ ಸಿಟ್ಟೂ ಚಾಕು ಕಸಿಯುವಾಗ ಸೇರಿಕೊಂಡಿರುತ್ತದೆ.

ಸಂಡೂರನ್ನು ನಾವು ಸೋಲಿಸಿದ್ದೆವು. ಕಂಪ್ಲಿಯವರನ್ನು ನಮ್ಮೂರಲ್ಲಿ ಸೋಲಿಸಿದ್ದೆವು. ಆದರೆ ಕಂಪ್ಲಿಯಲ್ಲಿ ಕಂಪ್ಲಿಯನ್ನು ಸೋಲಿಸುವುದು ಯಾರಪ್ಪನ ಕೈಯಲ್ಲೂ ಆಗಿರಲಿಲ್ಲ. ಕಾರಣ ಅವರ ಆಟವಲ್ಲ, ಊಟ.

ಪಂದ್ಯಕ್ಕೆ ಬಂದ ತಂಡಕ್ಕೆ ಮಧ್ಯಾಹ್ನದ ಊಟ ಹಾಕುವುದು ಎಲ್ಲ ಊರಲ್ಲೂ ಇದ್ದ ಪದ್ಧತಿ. ನಾವು ಅನ್ನ ಸಾರು ಹಾಕುತ್ತಿದ್ದೆವು. ಕಂಪ್ಲಿಯವರು ಹೋಳಿಗೆ ಹಾಕುತ್ತಿದ್ದರು. ಒಂದಲ್ಲ ಎರಡಲ್ಲ. ಅಂಗೈಯಗಲದ ಹೋಳಿಗೆ, ಅದರ ಮೇಲೆ ತುಪ್ಪ, ಬೇಡವೆಂದು ಅಡ್ಡ ಹಿಡಿದ ಕೈಯ ಮೇಲೂ ತುಪ್ಪ. "ನನ್ನಾಣಿ ಐತಿ, ಇದೊಂದು", "ನಮ್ಮವ್ವನ ಆಣಿ, ಇನ್ನೊಂದು" ಅಂತ ಒಂದು ಕುಟುಂಬದ ಆಣೆಗಳೆಲ್ಲ ಮುಗಿಯುವ ಹೊತ್ತಿಗೆ ನಮ್ಮ ಹುಡುಗರು ಗೋಡೆ ಹಿಡಿದು ಏಳಬೇಕಾಗುತ್ತಿತ್ತು. ಒಂದು ವರ್ಷ ನಮ್ಮ ಗೋಲ್‌ಕೀಪರು ಕಂಬಕ್ಕೆ ಒರಗಿ ಗೊರಕೆ ಹೊಡೆದ. ಚೆಂಡು ಪಕ್ಕದಲ್ಲೇ ಒಳಗೆ ಹೋದರೂ ಎಚ್ಚರವಾಗಲಿಲ್ಲ. ಇದು ಕುತಂತ್ರವೋ ಪ್ರೀತಿಯೋ ಇವತ್ತಿಗೂ ಇತ್ಯರ್ಥವಾಗಿಲ್ಲ. ಕಂಪ್ಲಿಯವರಲ್ಲಿ ಎರಡೂ ಒಂದೇ ಹಂಡೆಯಲ್ಲಿ ಬೇಯುತ್ತಿದ್ದವು.

ನಾಯ್ಡು ಇದಕ್ಕೆ ನೇರವಾದ ಮದ್ದು ಮಾಡಿದರು. ಎಲೆ ಹಾಕಿ, ನೀರು ಇಟ್ಟು, ಹೋಳಿಗೆಯ ಬುಟ್ಟಿ ಹೊರಗೆ ಬರುವ ಹೊತ್ತಿಗೆ ಸೀಟಿ ಊದಿ, "ಊಟ ಲೇದು! ಮ್ಯಾಚ್ ಫಸ್ಟು! ಲೇವಂಡಿ ಎಲ್ಲಾರೂ!" ಎಂದು ಹುಡುಗರನ್ನು ಎಲೆಯ ಮುಂದಿನಿಂದ ಎಬ್ಬಿಸಿಕೊಂಡು ಹೋದರು. ನಾನು ಹಿಂದೆ ನಿಂತು ಚಪ್ಪಾಳೆ ತಟ್ಟಿದೆ, ಅಂಥ ಬುದ್ಧಿವಂತ ನಾನು. ಹಾಕಿದ ಎಲೆ ಬಿಟ್ಟು ಎದ್ದು ಹೋದರೆ ಏನರ್ಥ ಅಂತ ನಮ್ಮ ಸೀಮೆಯ ಮಗುವಿಗೂ ಗೊತ್ತು. ಆ ದಿನ ಕಂಪ್ಲಿಯಲ್ಲಿ ನಮಗೆ ಒಬ್ಬರೂ ಒಂದು ಚೊಂಬು ನೀರು ಕೊಡಲಿಲ್ಲ. ಖಾಲಿ ಹೊಟ್ಟೆಯಲ್ಲಿ, ಬೂಟು ಕಚ್ಚಿದ ಕಾಲಲ್ಲಿ ನಾಲ್ಕು ಗೋಲು ತಿಂದು ಬಂದೆವು. ಆಮೇಲೆ ನಾಯ್ಡುಗೆ ವರ್ಗವಾಯಿತು. ಸೀಟಿ ತೆಗೆದುಕೊಂಡು ಹೋದರು, ಬೂಟು ಬಿಟ್ಟು ಹೋದರು.

ನಾವು ಸೋಲಿನ ಚಿಂತೆಯಲ್ಲಿದ್ದೆವು. ಇದರಲ್ಲಿ ನಿಜವಾಗಿ ಪೆಟ್ಟು ತಿಂದವಳು ಬೇರೆ ಒಬ್ಬಳು. ಅವಳ ಹೆಸರು ಗೌರಮ್ಮ. ನಮ್ಮೂರಿನ ಅಕ್ಕಿ ಗಿರಣಿಯ ಗುರುಸಿದ್ದಪ್ಪನವರ ಒಬ್ಬಳೇ ಮಗಳು, ಹಿಂದಿನ ವರ್ಷವಷ್ಟೇ ಕಂಪ್ಲಿಗೆ ಮದುವೆಯಾಗಿ ಹೋಗಿದ್ದಳು. ಅವಳ ಮಾವ ಚನ್ನಬಸಪ್ಪನವರೇ ಕಂಪ್ಲಿ ಕ್ಲಬ್ಬಿನ ಮ್ಯಾನೇಜರು. ಅವತ್ತು ಎಲೆ ಹಾಕಿದ್ದು ಅವರ ಮನೆಯ ಮುಂದಿನ ಚಪ್ಪರದಲ್ಲಿ, ಹೋಳಿಗೆ ಬೇಯಿಸಿದ ಕೈಗಳಲ್ಲಿ ಗೌರಮ್ಮನ ಕೈಯೂ ಒಂದು. ಅಂದಿನಿಂದ ಅವಳ ಅತ್ತೆ, ನಾದಿನಿ, ನೀರಿಗೆ ಬಂದ ನೆರೆಯವಳು, ಎಲ್ಲರಿಗೂ ಒಂದೇ ಮಾತು: "ನಿಮ್ಮೂರವರು ಹಾಕಿದ ಎಲಿ ಒದ್ದು ಹೋದ್ರಲ್ಲವಾ." ಹಬ್ಬಕ್ಕೆ ತವರಿಗೆ ಬಂದ ಹುಡುಗಿ ಅಪ್ಪನ ಮುಂದೆ ಅತ್ತಳು.

ಮರುದಿನ ಗುರುಸಿದ್ದಪ್ಪನವರು ಹೊಸ ಚೆಂಡು ತರಿಸಿ ತಮ್ಮ ಮನೆಯಲ್ಲಿಟ್ಟುಕೊಂಡರು. ಹಾಗೆ ನಮಗೆ ಮೂರನೆಯ ಮ್ಯಾನೇಜರು ಆದರು. ಕ್ಲಬ್ಬಿನ ಕೂಟದಲ್ಲಿ ಅವರು ಆಡಿದ್ದು ಮೂರೇ ಮಾತು. "ನನ್ನ ಮಗಳು ಅಲ್ಲಿ ತಲಿ ಎತ್ತಿ ಬಾಳಬೇಕು. ನಮ್ಮ ಟೀಮು ಅಲ್ಲೇ ಗೆಲ್ಲಬೇಕು. ಎರಡೂ ಒಂದ ದಿನ ಆಗಬೇಕು."

"ಹೆಂಗ್ರಿ ಆಕ್ಕೈತಿ?" ಎಂದೆ ನಾನು, ನಾಯ್ಡು ಪಕ್ಷದ ಏಕಮಾತ್ರ ಮುಖಂಡನಾಗಿ.

"ನನಗೂ ಗೊತ್ತಿಲ್ಲ ತಮ್ಮಾ," ಎಂದರು.

ಫುಟ್‌ಬಾಲಿನಲ್ಲಿ ಅವರಿಗೆ ಗೊತ್ತಿದ್ದದ್ದು ಚೆಂಡು ದುಂಡಗಿರುತ್ತದೆ ಎಂಬುದೊಂದೇ. ಆಫ್‌ಸೈಡು ಅಂದರೆ ಯಾವ ಊರು ಅಂತ ಕೇಳಿದವರು. ಭಾರೀ ಆಳು. ಬಯಲಿನ ಅಂಚಿಗೆ ಅವರು ಕುರ್ಚಿ ಹಾಕಿ ಕೂತರೆ ಕುರ್ಚಿ ನಾಲ್ಕು ಬೆರಳು ನೆಲದೊಳಗೆ ಇಳಿಯುತ್ತಿತ್ತು. ಮೊದಲ ಕೆಲಸವಾಗಿ ಬೂಟು ಬಿಚ್ಚಿಸಿದರು. ಎರಡನೆಯದಾಗಿ ದಿನಾ ಬೆಳಿಗ್ಗೆ ಹನ್ನೊಂದು ಜನರನ್ನೂ ಗಿರಣಿಯ ಅಂಗಳಕ್ಕೆ ಕರೆಸಿದರು. ಅಲ್ಲಿ ಬೇಯಿಸಿದ ಭತ್ತ ಬಿಸಿಲಿಗೆ ಹರವಿರುತ್ತಿತ್ತು. ಅದನ್ನು ಬರಿಗಾಲಲ್ಲಿ ಎಳೆದು ಎಳೆದು ಸಾಲು ಮಾಡಿ ತಿರುವಿ ಹಾಕಬೇಕು. "ಇದು ಪ್ರಾಕ್ಟೀಸೋ ಬಿಟ್ಟಿ ಚಾಕರಿಯೋ?" ಎಂದು ನಾನು ಊರೆಲ್ಲ ಸಾರಿದೆ. ಎರಡು ತಿಂಗಳಲ್ಲಿ ನಮ್ಮ ಹುಡುಗರ ಪಾದ ಎಂಥ ಚುರುಕಾಯಿತೆಂದರೆ ಕ್ಯಾಪ್ಟನ್ ಗಾದಿಲಿಂಗ ಚೆಂಡನ್ನು ಭತ್ತದ ಹಾಗೇ ಎಳೆದು ಎಡಕ್ಕೂ ಬಲಕ್ಕೂ ತಿರುವುತ್ತಿದ್ದ. ಅದನ್ನೂ ನಾನು ನಾಯ್ಡು ಕಲಿಸಿದ ವಿದ್ಯೆ ಎಂದೇ ವಾದಿಸಿದೆ. ಗುರುಸಿದ್ದಪ್ಪನವರಿಗೆ ನಾನಿಟ್ಟ ಹೆಸರು 'ಊಟದ ಮ್ಯಾನೇಜರು'.

ಕಂಪ್ಲಿಯ ದಿನ ಬಂತು. ಹ್ಯಾಂಡಲು ತಿರುಗಿಸಿ ಸ್ಟಾರ್ಟು ಮಾಡುವ ಬಸ್ಸು, ಬುಕ್ಕಸಾಗರ ದಾಟುವ ಹೊತ್ತಿಗೆ ಎರಡು ಸಲ ನಿಂತು ಎರಡು ಸಲ ತಳ್ಳಿಸಿಕೊಂಡಿತು. ಆಡಲಿಕ್ಕೆ ಹೋಗುವ ಕಾಲುಗಳು ತಳ್ಳಬಾರದೆಂದು ಗುರುಸಿದ್ದಪ್ಪನವರು ತಾವೇ ಇಳಿದು ತಳ್ಳಿದರು. ಅವರು ಇಳಿದದ್ದಕ್ಕೇ ಬಸ್ಸು ಹೊರಟಿತು ಎಂದು ನಾನು ಕಿಟಕಿಯಿಂದ ಕೂಗಿದೆ. ಎಲ್ಲರೂ ನಕ್ಕರು. ಅವರೂ ನಕ್ಕರು.

ಚಪ್ಪರದಲ್ಲಿ ಎಲೆ ಹಾಕಿದ್ದರು. ಶೀನಾಚಾರಿ ಮಡಿವಂತ, ಮನೆಯಿಂದ ತಂದ ಒಣ ಅವಲಕ್ಕಿ ಹಿಡಿದು ದೂರದ ಬೇವಿನ ಮರದ ಕೆಳಗೆ ಕೂತ. ನಮ್ಮಲ್ಲಿ ಓಡುವ ಸ್ಥಿತಿಯಲ್ಲಿ ಉಳಿಯುವವನು ಅವನೊಬ್ಬನೇ, ಅವನಿಗೋ ಆಟ ಬಾರದು ಎಂದು ನನಗೆ ಅಳು ಬಂತು. ಸಾಲಿನ ಮೊದಲ ಎಲೆಗೆ ಗುರುಸಿದ್ದಪ್ಪನವರು ಕೂತರು, ಬೀಗರಲ್ಲವೇ. ಅವರ ನಂತರ ಹುಡುಗರು, ಕೊನೆಗೆ ನಾನು. ಬಾಗಿಲ ಸಂದಿಯಲ್ಲಿ ಗೌರಮ್ಮ ಸೆರಗು ಕಚ್ಚಿ ನಿಂತಿದ್ದಳು. ಈ ಸಲವೂ ಏಳುತ್ತಾರೋ ಅಂತ ಅವಳ ಕಣ್ಣು ಅಪ್ಪನ ಮೇಲೆಯೇ ಇತ್ತು.

ಮೊದಲ ಸುತ್ತಿನಲ್ಲಿ ಎಲ್ಲರ ಎಲೆಗೂ ಒಂದೊಂದು ಹೋಳಿಗೆ ಬಿತ್ತು. ಬಡಿಸುವವನು ಎರಡನೆಯ ಬುಟ್ಟಿ ತರುವಷ್ಟರಲ್ಲಿ ಗುರುಸಿದ್ದಪ್ಪನವರ ಎಲೆ ಬರಿದಾಗಿತ್ತು. ಎರಡು ಹಾಕಿದ. ಮುಂದಿನ ಎಲೆಗೆ ಕಾಲೆತ್ತಿ ಇಡುವಷ್ಟರಲ್ಲಿ ಮತ್ತೆ ಬರಿದು.

"ಏನಪಾ, ಬೀಗರ ಎಲಿ ಖಾಲಿ ಇಟ್ಟು ಮುಂದ ಹೊಂಟಿ?" ಎಂದರು ಗುರುಸಿದ್ದಪ್ಪನವರು ಎಲ್ಲರಿಗೂ ಕೇಳುವ ಹಾಗೆ. "ಕಂಪ್ಲ್ಯಾಗ ಹೊಸ ರಿವಾಜು ಬಂದೇತೇನು?"

ನಮ್ಮ ಕಡೆ ಬೀಗರ ಎಲೆ ಬರಿದಿರುವಾಗ ಬಡಿಸುವವನು ಮುಂದಕ್ಕೆ ದಾಟುವಂತಿಲ್ಲ. ದಾಟಿದರೆ ಮನೆಯ ಮಾನ ಹೋಯಿತು. ಚನ್ನಬಸಪ್ಪನವರು ಓಡಿ ಬಂದರು. "ಛೇ ಛೇ, ಮೊದಲು ಬೀಗರಿಗೆ ನೀಡ್ರಲೇ!" ಬುಟ್ಟಿ ಅಲ್ಲೇ ನಿಂತಿತು. ತುಪ್ಪದ ಗಿಂಡಿಯೂ ಅಲ್ಲೇ ನಿಂತಿತು. ಇವರು ಉಣ್ಣುತ್ತಾರೆ, ಅವರು ಹಾಕುತ್ತಾರೆ. "ಭಾಳ ರುಚಿ ಆಗೇತ್ರಿ ಬೀಗರ. ನಮ್ಮ ಗೌರಿ ಕೈಯಾಂದೇನು? ಹಾಕ್ರಿ ಹಾಕ್ರಿ." ಹದಿನೆಂಟರವರೆಗೆ ನಾನು ಎಣಿಸಿದೆ. ಆಮೇಲೆ ಸಿಟ್ಟಿಗೆ ಲೆಕ್ಕ ತಪ್ಪಿತು. ಅವರ ಮುಖ ಕೆಂಪಾಗಿತ್ತು, ಹಣೆಯ ವಿಭೂತಿ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿದಿತ್ತು, ಆದರೂ ಎಡಗೈ ನೆಲಕ್ಕೂರಿ ಬಲಗೈ ನಡೆಸುತ್ತಲೇ ಇದ್ದರು.

ಕೊನೆಯ ಎಲೆಯಲ್ಲಿ ಕೂತ ನನಗೆ ಎರಡನೆಯ ಹೋಳಿಗೆ ಬರಲಿಲ್ಲವೆಂಬ ಹೊಟ್ಟೆಯುರಿಯೂ ಸೇರಿತ್ತು, ಸುಳ್ಳು ಯಾಕೆ ಹೇಳಲಿ? ಎದ್ದು ನಿಂತು, ಬೀಗರು ನೆಂಟರು ಬಾಗಿಲಲ್ಲಿದ್ದ ಹೆಂಗಸರು ಎಲ್ಲರ ಮುಂದೆ ಕೂಗಿದೆ: "ಏನ್ರೀ ಗುರುಸಿದ್ದಪ್ನೋರ, ಉಣ್ಣಾಕ ಬಂದೀರೋ, ಆಡ್ಸಾಕ ಬಂದೀರೋ?"

ಬಾಗಿಲ ಸಂದಿಯಲ್ಲಿ ಗೌರಮ್ಮನ ಮುಖ ಬಿಳಿಚಿಕೊಂಡಿತು. ಗುರುಸಿದ್ದಪ್ಪನವರು ಬಾಯಲ್ಲಿದ್ದ ತುತ್ತು ನಿಧಾನವಾಗಿ ನುಂಗಿ ನನ್ನತ್ತ ನೋಡಿದರು.

"ಉಣ್ಣಾಕ ಬಂದೀನಿ ತಮ್ಮಾ. ಆಡಾಕ ಅವರದಾರಲ್ಲ," ಎಂದರು. ಆಮೇಲೆ ಬೀಗರತ್ತ ತಿರುಗಿ, "ಹುಡುಗ ಹಸದಾನ. ನನಗ ಇನ್ನೆರಡು ಹಾಕಿ, ಅವಗೂ ಒಂದು ಹಾಕ್ರಿ," ಎಂದರು. ಚಪ್ಪರವೆಲ್ಲ ನಕ್ಕಿತು. ಬುಟ್ಟಿ ನನ್ನ ಎಲೆಯವರೆಗೆ ಬರುವಷ್ಟು ಹೊತ್ತಿಗೆ ಬರಿದಾಗಿತ್ತು.

ಪಂದ್ಯದ ವೇಳೆಗೆ ಗುರುಸಿದ್ದಪ್ಪನವರು ಏಳಲಾರದೆ ಹೋದರು. ನಾಲ್ಕು ಜನ ಹಿಡಿದು ಬೀಗರ ಪಡಸಾಲೆಯ ಮಂಚದ ಮೇಲೆ ಮಲಗಿಸಿದರು. ಗೌರಮ್ಮ ಓಮಿನ ನೀರು ಕುದಿಸಲು ಒಳಗೆ ಓಡಿದಳು. ನಾನು ತಿರುಗಿಯೂ ನೋಡದೆ ಮೂರು ನಿಂಬೆಹಣ್ಣು ಹಿಡಿದು ಬಯಲಿಗೆ ಹೋದೆ.

ಹಾಫ್ ಟೈಮಿನವರೆಗೂ ಎರಡೂ ಕಡೆ ಗೋಲಿಲ್ಲ. ಕಂಪ್ಲಿಯಲ್ಲಿ ಅರ್ಧ ಆಟ ಕಳೆದರೂ ನಮ್ಮವರು ನಿಂತೇ ಇದ್ದಾರೆ ಎಂಬುದೇ ಮೊದಲ ಆಶ್ಚರ್ಯ. ನಿಂತಿರುವುದೇನು, ಹಾರುತ್ತಿದ್ದರು! ಹೋಳು ಹಂಚುತ್ತ ಗಾದಿಲಿಂಗನಿಗೆ ಕೇಳಿದೆ, "ಏನಲೇ, ಇವತ್ತು ಯಾರಿಗೂ ಏದುಸಿರಿಲ್ಲ?"

ಅವನು ಹೋಳು ಚೀಪುತ್ತ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದ. "ಏದುಸಿರು ಎಲ್ಲಿಂದ ಬರಬೇಕೋ ಮಾರಾಯ? ನಮಗೆಲ್ಲಾ ಒಂದೊಂದ ಹೋಳಿಗಿ ಬಿದ್ದಿದ್ದು. ನಮ್ಮ ಪಾಲಿಂದೆಲ್ಲಾ ಆ ಮನಿಷ್ಯಾ ಒಬ್ಬನ ಉಂಡಾನ. ನಿನಗ ಕಾಣ್ಲಿಲ್ಲೇನು?"

ಹದಿನೆಂಟರವರೆಗೆ ಎಣಿಸಿದವನು ನಾನು, ನನಗೇ ಕಂಡಿರಲಿಲ್ಲ. ನನಗೆ ನಾಚಿಕೆಯಾಯಿತು. ಕೈಯಲ್ಲಿ ಹನ್ನೆರಡನೆಯ ಹೋಳು ಉಳಿದಿತ್ತು. ಅವತ್ತು ಮೊದಲ ಸಲ ಅದನ್ನು ತಿನ್ನಲು ಮನಸ್ಸಾಗಲಿಲ್ಲ. ಬಾಳೆಲೆಯ ತುಂಡಿನಲ್ಲಿ ಮಡಚಿ ಜೇಬಿನಲ್ಲಿಟ್ಟೆ.

ಆಟ ಮುಗಿಯಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಗೋಲಾಯಿತು. ಹೇಗಾಯಿತು ಅನ್ನುವುದನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಕಂಪ್ಲಿಯ ಗೋಲಿನ ಮುಂದೆ ಗುಂಪು ಗದ್ದಲ. ಕಂಪ್ಲಿಯವನೊಬ್ಬ ಚೆಂಡನ್ನು ದೂರ ಕಳಿಸಲೆಂದು ಜೋರಾಗಿ ಒದ್ದ. ಅದು ಎದುರಿಗೆ ನಿಂತಿದ್ದ ಗಾದಿಲಿಂಗನ ಮೊಣಕಾಲಿಗೆ ಬಡಿದು ಹಿಂದಕ್ಕೆ ಪುಟಿದು ಒಳಗೆ ಹೋಯಿತು. ಗಾದಿಲಿಂಗ ಮೊಣಕಾಲು ಹಿಡಿದುಕೊಂಡು "ಅಯ್ಯಪ್ಪೋ" ಅನ್ನುತ್ತಿದ್ದ. ಗೋಲಾದದ್ದು ಅವನಿಗೆ ಗೊತ್ತೇ ಇರಲಿಲ್ಲ. ಸೀಟಿ ಬಿತ್ತು, ಪಂದ್ಯ ಮುಗಿಯಿತು, ಕಂಪ್ಲಿಯಲ್ಲಿ ಕಂಪ್ಲಿ ಸೋತಿತು.

ನಾನು ಬೀಗರ ಮನೆಗೆ ಓಡಿದೆ. ಗುರುಸಿದ್ದಪ್ಪನವರು ಮಂಚದ ಮೇಲೆ ತಮ್ಮದೇ ಗಿರಣಿಯ ಭತ್ತದ ಚೀಲದ ಹಾಗೆ ಬಿದ್ದಿದ್ದರು. ಗೌರಮ್ಮ ಬೀಸಣಿಗೆ ಬೀಸುತ್ತಿದ್ದಳು. ಒಳಗೆ ಅತ್ತೆ ಇದ್ದಾಳೆಂದು ಅವರು ಬಾಯಿ ಬಿಡಲಿಲ್ಲ, ಹುಬ್ಬು ಎತ್ತಿ ಕೇಳಿದರು. ಬೀಗರ ಮನೆಯಲ್ಲಿ ಕುಣಿಯುವುದು ಹೇಗೆ? ಸಾವಿನ ಸುದ್ದಿ ತಂದವನ ಹಾಗೆ ತಲೆ ತಗ್ಗಿಸಿ ಪಿಸುಗುಟ್ಟಿದೆ: "ಗೆದ್ದ್ವಿರಿ. ಒಂದ ಗೋಲು. ಗಾದಿಲಿಂಗ."

"ಹೆಂಗ ಹೊಡದ?" ಎಂದರು ಅವರೂ ಪಿಸುದನಿಯಲ್ಲಿ.

ಆ ಮುಖ ನೋಡಿ ಮೊಣಕಾಲು ಎನ್ನಲು ನಾಲಿಗೆ ಏಳಲಿಲ್ಲ. "ಎಡಗಾಲಿಂದ್ರಿ," ಎಂದೆ. "ಇಬ್ಬರನ್ನ ದಾಟಿ. ಭತ್ತ ತಿರುವಿದಂಗ ತಿರುವಿ."

ಗೌರಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಮತ್ತೆ ಸೆರಗು ಕಚ್ಚಿಕೊಂಡಳು. ಗುರುಸಿದ್ದಪ್ಪನವರ ಮುಖ ಅರಳತೊಡಗಿತು, ಇನ್ನೇನು ನಗು ಬಾಯಿ ಮೀರಿ ಹೊರಗೆ ಬರಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. ಸೋತ ಮ್ಯಾನೇಜರು ಚನ್ನಬಸಪ್ಪನವರು! ಅಪ್ಪ ಮಗಳು ಇಬ್ಬರೂ ಕಂಗಾಲಾಗಿ ನನ್ನ ಮುಖ ನೋಡಿದರು. ನನಗೆ ಏನು ಹೊಳೆಯಿತೋ, ಜೇಬಿನಿಂದ ಹನ್ನೆರಡನೆಯ ಹೋಳು ತೆಗೆದು ಗುರುಸಿದ್ದಪ್ಪನವರ ಬಾಯಿಗೆ ತುರುಕಿದೆ. ಸಿಪ್ಪೆ ಸಮೇತ ಕಚ್ಚಿದರು. ನಗು ಅಲ್ಲೇ ಮುರುಟಿತು, ಕಣ್ಣಲ್ಲಿ ನೀರು ಬಂತು.

"ಭಾಳ ತ್ರಾಸ ಆಗಾಕತ್ತೈತೇನ್ರಿ ಬೀಗರ?" ಎಂದು ಚನ್ನಬಸಪ್ಪನವರು ಮಂಚದ ಅಂಚಿಗೆ ಕೂತರು.

"ಹೂಂನ್ರಿ," ಎಂದರು ಇವರು ಕಣ್ಣೊರೆಸಿಕೊಳ್ಳುತ್ತ. "ಭಾಳ."

ಚನ್ನಬಸಪ್ಪನವರು ಅವರ ತುಟಿಯಂಚಿನ ನಿಂಬೆಸಿಪ್ಪೆಯನ್ನೂ ನನ್ನನ್ನೂ ನೋಡಿದರು. ಆಮೇಲೆ ಸೊಸೆಗೆ ಹೇಳಿದರು, "ಗೌರವ್ವಾ, ನಿಮ್ಮಪ್ಪ ನಮ್ಮ ಮನಿ ಎಲಿಗೆ ಭಾಳ ಮರ್ಯಾದಿ ಕೊಟ್ಟಾನ. ಮುಂದಿನ ವರ್ಷ ಪಾಯಸ ಮಾಡಸೂನು. ಎಷ್ಟು ಕುಡಿತಾನ ನೋಡೇಬಿಡೂನು." ಅಡಿಗೆಮನೆಯಿಂದ ಅತ್ತೆಯ ನಗು ಕೇಳಿಸಿತು. ಗೌರಮ್ಮ ಕಚ್ಚಿದ್ದ ಸೆರಗನ್ನು ಆಗ ಬಿಟ್ಟಳು.

ಅಲ್ಲಿಂದ ಮುಂದೆ ಗುರುಸಿದ್ದಪ್ಪನವರು ಎಲ್ಲಿ ಸಿಕ್ಕರೂ ಒಂದೇ ಬೇಡಿಕೆ: "ತಮ್ಮಾ, ಆ ಗೋಲು ಇನ್ನೊಮ್ಮಿ ಹೇಳು." ತಾನು ಗೆಲ್ಲಿಸಿದ ಆಟವನ್ನು ತಾನೇ ನೋಡಿರದ ಮನುಷ್ಯ. ನಾನು ಚಪ್ಪರದಲ್ಲಿ ಕೂಗಿದ್ದಕ್ಕೆ ಕ್ಷಮೆ ಕೇಳಬೇಕೆಂದು ಹೋಗುತ್ತಿದ್ದೆ, ಗೋಲು ಹೇಳಿ ಬರುತ್ತಿದ್ದೆ. ಗಿರಣಿಯ ಗದ್ದುಗೆಯ ಪಕ್ಕ ಕೂತು ಹೇಳುತ್ತ ಹೇಳುತ್ತ ಗಾದಿಲಿಂಗ ಇಬ್ಬರನ್ನು ದಾಟಿದ್ದವನು ನಾಲ್ವರನ್ನು ದಾಟಿದ, ಕೆಲವು ವರ್ಷಗಳಲ್ಲಿ ಏಳು ಮಂದಿಯನ್ನು ದಾಟಿದ. ಒಂದು ದಿನ ಹಾಗೆ ಹೇಳುತ್ತಿದ್ದಾಗ ಗಾದಿಲಿಂಗನೇ ಭತ್ತದ ವ್ಯವಹಾರಕ್ಕೆ ಅಲ್ಲಿಗೆ ಬಂದ. ನಾನು ಕಣ್ಣು ಮಿಟುಕಿಸಿದ್ದು ಅವನಿಗೆ ಕಾಣಲಿಲ್ಲ.

"ಯಾ ಎಡಗಾಲ್ರಿ ಯಪ್ಪಾ," ಎಂದ ಅವನು. "ಮೊಣಕಾಲಿಗೆ ಬಡದು ತಾನ ಹೋತ್ರಿ ಅದು. ನನಗ ಗೊತ್ತ ಆಗಿದ್ದಿಲ್ಲ."

ಗುರುಸಿದ್ದಪ್ಪನವರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಸುಮ್ನ ಕುಂದರಲೇ," ಎಂದರು. "ನಿನಗೇನ್ ಗೊತ್ತು? ನೀ ಆಡಾಕತ್ತಿದ್ದಿ." ಆಮೇಲೆ ನನ್ನ ಕಡೆ ತಿರುಗಿ, "ನೀ ಹೇಳು ತಮ್ಮಾ. ಏಳನೇದವನ್ನ ಹೆಂಗ ದಾಟಿದ?"

ಕಾಲುವೆ ಕಟ್ಟೆಯ ಮೇಲೆ ನಾನು ಈಗಲೂ ನಾಯ್ಡು ಪಕ್ಷವೇ. ಇಷ್ಟು ವರ್ಷ ಕೂಗಿದ ಬಾಯಿ, ಶೀನಾಚಾರಿಯ ಮುಂದೆ ಪಕ್ಷ ಬದಲಿಸಲು ಬರುವುದಿಲ್ಲ. ಗುರುಸಿದ್ದಪ್ಪನವರು ಹೋಗಿ ಎಷ್ಟೋ ಕಾಲವಾಯಿತು. ನಾನು ಕ್ಷಮೆ ಕೇಳಲೇ ಇಲ್ಲ. ಮನೆಗೆ ಬರುತ್ತೇನೆ, ನನ್ನಾಕೆ ನೋಡದಿದ್ದಾಗ ಒಂದು ನಿಂಬೆಹಣ್ಣನ್ನು ನಾಲ್ಕು ಹೋಳು ಮಾಡುತ್ತೇನೆ, ಒಂದನ್ನು ಬಾಳೆಲೆಯಲ್ಲಿ ಮಡಚಿಡುತ್ತೇನೆ.